ಕಲಿಸಿದವರೊಬ್ಬರು, ಕರೆದವರೊಬ್ಬರು: ಪೇದೆ ಬಿಟ್ಟು ಹೋದರೆ ಖರ್ಚು ಯಾರ ಖಾತೆಗೆ?

ಬೀದರ: ಔರಾದದಿಂದ ಬೆಳಗಿನ ಬಸ್ಸಿಗೆ ಬರುವವರಲ್ಲಿ ಕೋರ್ಟು ಕಚೇರಿಯವರು, ಗಂಜಿಗೆ ಮಾಲು ತರುವವರು ಎಷ್ಟೋ, ಪರೀಕ್ಷೆಯ ಪುಸ್ತಕ ಹಿಡಿದ ಹುಡುಗರೂ ಅಷ್ಟೇ. ಖಾಕಿ ತೊಟ್ಟ ಮೇಲೂ ಈ ಓದು ನಿಲ್ಲೋದಿಲ್ಲ. ರಾತ್ರಿ ಬೀಟು, ಹಗಲು ಬಂದೋಬಸ್ತು, ನಡುವೆ ಸಿಕ್ಕ ಎರಡು ತಾಸು ಪುಸ್ತಕ. ಇವತ್ತು ಪೇದೆ, ನಾಳೆ ಪಿ.ಎಸ್.ಐ., ಇಲ್ಲವೆ ಕಂದಾಯ ಇಲಾಖೆ, ಬ್ಯಾಂಕು, ಕೇಂದ್ರದ ಪಡೆ. ಯಾವುದು ಮೊದಲು ಕರೆದರೆ ಅದು!

ಹುಡುಗನ ತಪ್ಪೇನೂ ಇಲ್ಲ ಬಿಡಿ. ಆದರೆ ಅವನನ್ನು ಕಲಬುರಗಿಯ ನಾಗನಹಳ್ಳಿಯಲ್ಲೋ, ಚನ್ನಪಟ್ಟಣ, ಖಾನಾಪುರದ ಶಾಲೆಯಲ್ಲೋ ತಿಂಗಳುಗಟ್ಟಲೆ ಇಟ್ಟು ಕವಾಯತು, ಕಾನೂನು, ಬಂದೂಕು ಕಲಿಸಿದ್ದಾರಲ್ಲ, ಆ ಖರ್ಚು? ಅಷ್ಟು ದಿನ ಕೊಟ್ಟ ಸ್ಟೈಪೆಂಡೋ ಸಂಬಳವೋ, ಊಟ, ಬಟ್ಟೆ, ಉಸ್ತಾದರ ಪಗಾರ? ಹಣದ ಮಾತು ಹಾಗಿರಲಿ, ಭಾಲ್ಕಿ ಠಾಣೆಯಲ್ಲಿ ಒಂದು ಜಾಗ ಖಾಲಿಯಾದರೆ ಮರುದಿನವೇ ತುಂಬುವ ಹಾಗಿಲ್ಲ. ಅರ್ಜಿ ಕರೆಯಬೇಕು, ಓಟ, ಲಿಖಿತ ಪರೀಕ್ಷೆ, ವೈದ್ಯಕೀಯ, ಮತ್ತೆ ತರಬೇತಿ. ಅಲ್ಲಿಯವರೆಗೆ ಉಳಿದವರೇ ಎರಡು ಪಾಳಿ ಎಳೆಯಬೇಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಕದ್ದವನು ಗಡಿ ದಾಟಲು ಹೊತ್ತು ಬೇಕಿಲ್ಲ. ಅಂಗಡಿ ಶಟರು ಎಳೆದು ಮನೆಗೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು.

ಸರಕಾರಿ ನೌಕರಿಗಳಲ್ಲಿ ಇದಕ್ಕೆ ಹಳೇ ಮದ್ದು ಮುಚ್ಚಳಿಕೆ, ಅಂದರೆ ಬಾಂಡು. ಇಷ್ಟು ವರ್ಷ ದುಡಿಯುತ್ತೇನೆ, ಇಲ್ಲದಿದ್ದರೆ ಇಷ್ಟು ಕಟ್ಟುತ್ತೇನೆ ಅಂತ ಸ್ಟಾಂಪ್ ಕಾಗದದ ಮೇಲೆ ಬರೆದುಕೊಡುವುದು. ಕೆಲವು ಬಾಂಡುಗಳಿಗೆ ಜಾಮೀನುದಾರನೂ ಬೇಕು. ಪೇಚು ಇರುವುದು ಅಲ್ಲೇ.

"ಮಾಮಾ, ಒಂದು ಸಹಿ ಬೇಕಿತ್ತು ನೋಡ್ರಿ" ಅಂತ ಹುಡುಗ ಕಾಗದ ಹಿಡಿದು ಅಂಗಡಿಗೆ ಬಂದ ಅಂತಿಟ್ಟುಕೊಳ್ಳಿ. "ನೌಕರಿ ಸಿಕ್ತಲ್ಲೋ, ಎಲ್ಲಿ ಹಾಕ್ಲಿ ಹೇಳು" ಅಂತ ಮಾಮ ಗಲ್ಲೆ ಮೇಲೇ ಕೂತು ಸಹಿ ಹಾಕುತ್ತಾನೆ, ಓದುವುದಿಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮು ಹೇಳುವುದಿಷ್ಟು: ಕರಾರಿನಲ್ಲಿ ಬೇರೆ ಮಾತು ಬರೆಯದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಹುಡುಗ ಬಿಟ್ಟು ಹೋಗಿ ಹಣ ಕಟ್ಟದಿದ್ದರೆ ನೋಟೀಸು ಅಂಗಡಿಯ ಬಾಗಿಲಿಗೂ ಬಂದೀತು.

ಅದೇ ಕಾಯಿದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದಾಗ ಬರೆದಷ್ಟೂ ಹಣ ಸಿಗುವುದಿಲ್ಲ, ಆ ಮಿತಿಯೊಳಗೆ ನ್ಯಾಯವಾದಷ್ಟು ಪರಿಹಾರ ಮಾತ್ರ. ಆದರೆ ಕಾನೂನಿನ ಮೇರೆಗೋ ಸರಕಾರದ ಆಜ್ಞೆಯ ಮೇರೆಗೋ ಸಾರ್ವಜನಿಕ ಕರ್ತವ್ಯಕ್ಕಾಗಿ ಕೊಟ್ಟ ಬಾಂಡಿಗೆ ಅಲ್ಲೇ ವಿನಾಯಿತಿ ಇದೆ, ಅಲ್ಲಿ ಪೂರ್ತಿ ಮೊತ್ತ ಕೊಡಬೇಕು. ಸರಕಾರದ ಜೊತೆ ಕರಾರು ಮಾಡಿದ ಮಾತ್ರಕ್ಕೆ ಅದು ಸಾರ್ವಜನಿಕ ಕರ್ತವ್ಯ ಆಗುವುದಿಲ್ಲ ಅನ್ನುವ ವಿವರಣೆಯೂ ಕೆಳಗೇ ಇದೆ. ವಕೀಲರಿಗೆ ಕೆಲಸ ಸಿಗುವುದು ಇಂಥ ಕಡೆಯೇ.

ಬಾಂಡು ಗುಲಾಮಗಿರಿಯ ಕಾಗದ, ಕೋರ್ಟಿನಲ್ಲಿ ನಿಲ್ಲದು ಅನ್ನುವವರು ಚಹಾದಂಗಡಿಯಲ್ಲಿ ಬಹಳ. ಅವರು ವಿಜಯಾ ಬ್ಯಾಂಕಿನ ಪ್ರಕರಣ ನೋಡಬೇಕು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಕರಾರಿಗೆ ಒಪ್ಪಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋದರು. ತಕರಾರಿನೊಂದಿಗೇ ಹಣ ಕಟ್ಟಿ, ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಸುಪ್ರೀಂ ಕೋರ್ಟು 2025ರ ಮೇ 14ರಂದು ಅದನ್ನು ತಿರುಗಿಸಿತು. ಬಹಿರಂಗ ನೇಮಕಾತಿಗೆ ಸಾರ್ವಜನಿಕ ಸಂಸ್ಥೆಗೆ ಖರ್ಚು ಬೀಳುತ್ತದೆ, ಆ ಹುದ್ದೆಗೆ ಆ ಮೊತ್ತ ಅತಿಯಲ್ಲ, ಕರಾರು ಸಿಂಧು ಎಂದಿತು.

ಹಾಗಂತ ಹೊರೆಯೆಲ್ಲ ನೌಕರನ ತಲೆಯ ಮೇಲೇ ಬೀಳಬೇಕೆಂದೇನೂ ಇಲ್ಲ. ಕೇಂದ್ರ ಸರಕಾರದ ನೌಕರ ಅನುಮತಿ ಪಡೆದು ಇನ್ನೊಂದು ಸರಕಾರಿ ಕೆಲಸಕ್ಕೆ ಹೋದರೆ ಹಳೇ ಬಾಂಡಿನ ಹಣ ವಸೂಲಿ ಮಾಡುವುದಿಲ್ಲ, ಉಳಿದ ಅವಧಿಗೆ ಹೊಸ ಕಡೆ ಬಾಂಡು ಬರೆಸಿಕೊಳ್ಳುವ ಪದ್ಧತಿ ಇದೆ. ಅಮೆರಿಕದಲ್ಲಿ ಎರಡೂ ಬಗೆ ಉಂಟು. ಫ್ಲೋರಿಡಾದ ಕಾನೂನಿನಂತೆ ಇಲಾಖೆಯ ಹಣದಲ್ಲಿ ತರಬೇತಿ ಪಡೆದು ಎರಡು ವರ್ಷದೊಳಗೆ ತಾನಾಗಿ ಬಿಟ್ಟ ಪೊಲೀಸನೇ ಶುಲ್ಕ ತುಂಬಬೇಕು. ಒರೆಗಾನ್‌ನಲ್ಲಿ ಕರೆದುಕೊಂಡ ಇಲಾಖೆ ಕಲಿಸಿದ ಇಲಾಖೆಗೆ ಕೊಡಬೇಕು, ವರ್ಷ ಉರುಳಿದಂತೆ ಮೊತ್ತ ಇಳಿಯುತ್ತದೆ. ಎರಡನೆಯದೇ ನ್ಯಾಯ ಅನಿಸುತ್ತದೆ. ತಯಾರಾದ ಆಳು ಸಿಕ್ಕವನಿಗೇ ಲಾಭವಲ್ಲವೆ?

ನಮ್ಮಲ್ಲಿ ಒಂದು ವ್ಯತ್ಯಾಸ ಇದೆ. ಅಲ್ಲಿ ಊರೂರಿಗೆ ಬೇರೆ ಪೊಲೀಸು, ಬೇರೆ ತಿಜೋರಿ. ಇಲ್ಲಿ ಪೇದೆ ಕಂದಾಯ ಇಲಾಖೆಗೆ ಹೋದರೂ ಪಗಾರ ಅದೇ ರಾಜ್ಯದ ಖಜಾನೆಯಿಂದ, ಎಡ ಜೇಬಿನಿಂದ ಬಲ ಜೇಬಿಗೆ. ಅಲ್ಲಿ ಹುಡುಗನ ಹತ್ತಿರ ವಸೂಲಿ ಮಾಡುವುದು ಜುಲುಮೆಯೇ. ಬ್ಯಾಂಕಿಗೋ ಕೇಂದ್ರದ ಪಡೆಗೋ ಹೋದಾಗ ಮಾತ್ರ ರಾಜ್ಯದ ಗಂಟು ನಿಜವಾಗಿ ಕರಗುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ಇನ್ನೊಂದು ಮಾತು. 371(ಜೆ) ಬಂದು, 2013ರ ಆದೇಶದ ಮೇಲೆ ಇಲ್ಲಿನ ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಈ ಭಾಗದವರಿಗೆ ಮೀಸಲು. ಪೇದೆಯೂ ಸಿ ಗುಂಪೇ. ಭಾಲ್ಕಿಯ ಹುಡುಗ ಬಿಟ್ಟ ಜಾಗಕ್ಕೆ ಔರಾದದ ಹುಡುಗ ಬರಬಹುದು, ಆದರೆ ಮುಂದಿನ ನೇಮಕಾತಿ ಹೊರಟಾಗ.

ಇಲಾಖೆ ಬಿಡುವ ಯೋಚನೆ ಇದ್ದವರು ಪರೀಕ್ಷೆಗೆ ಅರ್ಜಿ ಹಾಕುವಾಗಲೇ ಮೇಲಧಿಕಾರಿಯ ಅನುಮತಿ ಪಡೆದು, ಅದರ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಲಿ. ಬರೆದುಕೊಟ್ಟ ಕಾಗದದ ಪ್ರತಿಯನ್ನೂ. ಸಹಿ ಹಾಕುವ ಮಾಮಂದಿರು ಕನ್ನಡಕ ಹುಡುಕಿ, ಮೊತ್ತ ಎಷ್ಟು, ಅವಧಿ ಎಷ್ಟು ಅಂತ ಓದಿ ಹಾಕಲಿ.