ಕಾಲು ಮೈಲಿಯ ಓಟ, ಕೆಸರಿನ ಪಾಠ

ಮಳೆಗಾಲದಲ್ಲಿ ಮುತ್ತಿನಕೊಪ್ಪದ ಕಡೆಯ ಮಣ್ಣುರಸ್ತೆಯಲ್ಲಿ ಕೆಸರಿಗೆ ಸಿಕ್ಕ ಜೀಪನ್ನು ನೀವು ನೋಡಿರುತ್ತೀರಿ. ಆಕ್ಸಿಲರೇಟರ್ ತುಳಿದಷ್ಟೂ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆಯೇ ಹೊರತು ಗಾಡಿ ಮುಂದೆ ಹೋಗದು.

ಡ್ರ್ಯಾಗ್ ರೇಸಿನಲ್ಲೂ ತೊಡಕು ಇದೇ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ನೇರವಾಗಿ ಓಡುವ ಪಂದ್ಯವಿದು. ಸಾರ್ವಜನಿಕ ರಸ್ತೆಯಲ್ಲಲ್ಲ, ಪಂದ್ಯಕ್ಕೆಂದೇ ಇರುವ ಹಾದಿಯಲ್ಲಿ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಕಾರು ಇದಕ್ಕೆ ಸುಮಾರು 15 ಸೆಕೆಂಡು ತೆಗೆದುಕೊಳ್ಳುತ್ತಿತ್ತು.

ಸಮಯ ಇಳಿಸಬೇಕೆಂದರೆ ಎಲ್ಲರೂ ಎಂಜಿನ್ನಿಗೇ ಕೈಹಾಕುತ್ತಾರೆ. ಆದರೆ ಕಾರನ್ನು ಮುಂದೆ ತಳ್ಳುವುದು ಹಿಂಚಕ್ರಕ್ಕೂ ನೆಲಕ್ಕೂ ನಡುವಿನ ಘರ್ಷಣೆ. ಆದ್ದರಿಂದ ಮೊದಲು ಬೇಕಾದದ್ದು ಹಿಡಿತವಿರುವ ಟೈರು, ಕ್ಲಚ್ಚನ್ನು ಹದವಾಗಿ ಬಿಡುವ ಅಭ್ಯಾಸ. ಆಮೇಲೆ ತೂಕ. ಅದರಲ್ಲಿ ಹತ್ತನೆಯ ಒಂದು ಪಾಲು ಕಡಿಮೆಯಾದರೆ ಸುಮಾರು ಅರ್ಧ ಸೆಕೆಂಡು ಉಳಿಯುತ್ತದೆ. ಎಂಜಿನ್ನಿನ ಶಕ್ತಿಯನ್ನು ಅಷ್ಟೇ ಏರಿಸಿದರೂ ಲಾಭ ಹೆಚ್ಚುಕಡಿಮೆ ಅಷ್ಟೇ, ಖರ್ಚು ಮಾತ್ರ ಬೇರೆ! ಹಾಗೆಂದು ಹಿಂದಿನ ಭಾರ ಇಳಿಸಿದರೆ ಹಿಡಿತವೂ ಇಳಿಯುತ್ತದೆ. ಇಳಿಸುವುದಾದರೆ ಮುಂಭಾಗದ್ದನ್ನೇ ಇಳಿಸಬೇಕು.