ಲಿಂಗದ ಕಾಲಂನಲ್ಲಿ ‘ಗೇ’ಗೆ ಏನು ಕೆಲಸ?

ಹೊಸ ಆ್ಯಪ್ ಹಾಕಿಕೊಂಡು ಪ್ರೊಫೈಲ್ ತುಂಬುವಾಗ ಈ ಪಟ್ಟಿಯನ್ನು ನೀವೂ ನೋಡಿರಬಹುದು: ಪುರುಷ, ಮಹಿಳೆ, ಟ್ರಾನ್ಸ್‌ಜೆಂಡರ್, ಗೇ, ಇತರೆ. ಐದರಲ್ಲಿ ಒಂದನ್ನು ಮಾತ್ರ ಒತ್ತಬಹುದು. ನಮ್ಮಲ್ಲಿ ಹೆಚ್ಚಿನವರು ಮೊದಲೆರಡರಲ್ಲಿ ಒಂದನ್ನು ಒತ್ತಿ ಮುಂದೆ ಹೋಗಿಬಿಡ್ತೇವೆ. ಕೆಳಗಿನ ಮೂರನ್ನು ನೋಡಿ ‘ಪರವಾಗಿಲ್ಲ, ಇವರು ಎಲ್ಲರನ್ನೂ ಸೇರಿಸಿಕೊಂಡಿದ್ದಾರೆ’ ಅಂತ ಸ್ವಲ್ಪ ಖುಷಿಯೂ ಆಗಬಹುದು. ನಾನು ಎಂಟು ವರ್ಷದಿಂದ ಇಂಥ ಫಾರ್ಮ್‌ಗಳನ್ನು ಕಟ್ಟಿಯೇ ಹೊಟ್ಟೆ ಹೊರೆದುಕೊಳ್ಳುತ್ತಿರುವವನು. ನನಗೆ ಈ ಪಟ್ಟಿ ಕಂಡರೆ ‘ರಕ್ತದ ಗುಂಪು: ಎ, ಬಿ, ಒ, ಕುಂದಾಪುರ’ ಅಂತ ಓದಿದ ಹಾಗಾಗುತ್ತದೆ. ಕುಂದಾಪುರದವರ ರಕ್ತಕ್ಕೂ ಒಂದು ಗುಂಪು ಇರುತ್ತದಲ್ಲ?

ಸಾಫ್ಟ್‌ವೇರ್‌ನಲ್ಲಿ ಏನೇ ಮಾಡಿದರೂ ಟೆಸ್ಟ್ ಕೇಸ್ ಬರೀಬೇಕು. ಈ ಪಟ್ಟಿಗೂ ಬರೆಯೋಣ. ನಮ್ಮ ಕಥೆಗಾರ ವಸುಧೇಂದ್ರ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿದವರು. 2013ರಲ್ಲಿ ಅವರ ‘ಮೋಹನಸ್ವಾಮಿ’ ಬಂತು. ತಾನು ಗೇ ಎಂದು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಈ ಪಟ್ಟಿಯಲ್ಲಿ ಅವರು ‘ಗೇ’ ಒತ್ತಿದರೆ ಪುರುಷ ಅಲ್ಲ ಅಂತಾಗುತ್ತದೆ. ‘ಪುರುಷ’ ಒತ್ತಿದರೆ ಗೇ ಅಲ್ಲ ಅಂತಾಗುತ್ತದೆ. ಎರಡೂ ಸುಳ್ಳು. ಇನ್ನು ಪದ್ಮಶ್ರೀ ಮಂಜಮ್ಮ ಜೋಗತಿ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಹುಟ್ಟಿದಾಗ ಗಂಡು ಎಂದು ಹೆಸರಿಟ್ಟರು, ಬೆಳೆದದ್ದು ಮಂಜಮ್ಮನಾಗಿ. ಅದು ಅವರು ಯಾರು ಎಂಬುದರ ವಿಷಯ. ಯಾರ ಮೇಲೆ ಮನಸ್ಸು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮೂರನೇ ಕೇಸ್: ಹೆಂಗಸರನ್ನೇ ಪ್ರೀತಿಸುವ ಟ್ರಾನ್ಸ್ ಮಹಿಳೆ. ಅಂಥವರೂ ಇದ್ದಾರೆ. ಆಕೆ ಮಹಿಳೆಯೂ ಹೌದು, ಟ್ರಾನ್ಸ್ ಕೂಡ ಹೌದು, ಲೆಸ್ಬಿಯನ್ ಕೂಡ ಹೌದು. ಒಂದೇ ಗುಂಡಿ ಒತ್ತಬೇಕೆಂದರೆ ಆಕೆ ತನ್ನ ಮೂರರಲ್ಲಿ ಎರಡು ಪಾಲನ್ನು ಹೊರಗೆ ಬಿಟ್ಟೇ ಒಳಗೆ ಬರಬೇಕು.

‘ನಾನು ಯಾರು’ ಎಂಬುದು ಒಂದು ಪ್ರಶ್ನೆ. ‘ನನಗೆ ಯಾರ ಮೇಲೆ ಒಲವು’ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದು ಲಿಂಗತ್ವದ ಗುರುತು, ಎರಡನೆಯದು ಲೈಂಗಿಕ ಒಲವು. ಇಷ್ಟೇ ವಿಷಯ. ಆದರೆ ಇಷ್ಟನ್ನು ಬೆರೆಸಿಬಿಟ್ಟರೆ ಏನಾಗುತ್ತದೆ ಅಂತ ನನ್ನ ಗೆಳೆಯನೊಬ್ಬನ ಕಥೆ ಹೇಳ್ತೇನೆ. ಅವನ ಒಪ್ಪಿಗೆ ಪಡೆದೇ ಬರೀತಿದ್ದೇನೆ. ಹೆಸರು, ಕಂಪನಿ ಬೇಡ.

ಬೈಂದೂರು ಕಡೆಯವನು, ಬೆಂಗಳೂರಿನಲ್ಲಿ ಕೆಲಸ. ಒಂದು ಜೂನ್ ತಿಂಗಳಲ್ಲಿ ಅವನ ಆಫೀಸಿನ ಎಚ್‌ಆರ್ ಪೋರ್ಟಲ್‌ನಲ್ಲಿ ಬಣ್ಣಬಣ್ಣದ ಬ್ಯಾನರ್ ಬಂತು, ಜೊತೆಗೆ ಲಿಂಗದ ಕಾಲಂಗೆ ಹೊಸ ಆಯ್ಕೆಗಳು. ನಂಬಿ ‘ಗೇ’ ಒತ್ತಿದ. ಆಫೀಸಿನಲ್ಲಿ ಹತ್ತಿರದ ನಾಲ್ಕು ಜನಕ್ಕೆ ಮೊದಲೇ ಗೊತ್ತಿತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಕಾಲಂ ಪೋರ್ಟಲ್‌ನಲ್ಲೇ ಕೂತಿರುವುದಿಲ್ಲ ಅನ್ನೋದು ನಮ್ಮಂಥವರಿಗೆ ಗೊತ್ತು. ರಾತ್ರಿ ಪಾಳಿಯ ಕ್ಯಾಬ್ ಪಟ್ಟಿಗೆ ಹೋಗುತ್ತದೆ, ವಿಮೆ ಕಂಪನಿಗೆ ಹೋಗುತ್ತದೆ. ವಿಮೆಯವರ ಕಡೆ ಮೂರೇ ಕೋಡ್. ‘ಗೇ’ ಅಂತ ಬಂದದ್ದನ್ನು ಅವರ ಸಿಸ್ಟಂ ‘ಇತರೆ’ ಮಾಡಿಕೊಂಡಿತು. ಆ ವರ್ಷ ಅಪ್ಪಯ್ಯನ ಕಣ್ಣಿನ ಪೊರೆಯ ಆಪರೇಷನ್. ಆಸ್ಪತ್ರೆಯ ಕೌಂಟರ್‌ನಲ್ಲಿ ವಿಮೆ ಕಾರ್ಡಿನ ಪ್ರಿಂಟ್ ಅಪ್ಪಯ್ಯನ ಕೈಗೇ ಬಂತು. ಕಣ್ಣು ಮಂಜಾಗಿದ್ದರೂ ಮಗನ ಹೆಸರಿನ ಮುಂದಿದ್ದದ್ದನ್ನು ಓದಿದರು. “ಇದೆಂತದಾ, ಇತರೆ ಅಂತ ಬರ್ದಿದ್ದ್? ಸರಿ ಮಾಡ್ಸ್.” ಇವನು “ಕಂಪ್ಯೂಟರ್ ಮಿಸ್ಟೇಕ್ ಅಪ್ಪಯ್ಯ” ಅಂದ. ಹೇಳಿದ್ದು ಅಕ್ಷರಶಃ ನಿಜ. ಆದರೆ ಅಪ್ಪಯ್ಯನಿಗೆ ಹೇಳಬೇಕೆಂದು ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಮಾತು ಆಸ್ಪತ್ರೆಯ ಸಾಲಿನಲ್ಲಿ ನಿಂತು ಇನ್ನಷ್ಟು ಒಳಗೆ ಹೋಯ್ತು.

ಆಮೇಲೆ ಪೋರ್ಟಲ್‌ನಲ್ಲಿ ವಾಪಸ್ ‘ಪುರುಷ’ ಮಾಡಲು ಹೋದರೆ ‘ಲಿಂಗ ಬದಲಾವಣೆಗೆ ಸೂಕ್ತ ದಾಖಲೆ ಲಗತ್ತಿಸಿ’ ಅಂತ ಬಂತಂತೆ! ಹುಟ್ಟಿದಂದಿನಿಂದ ಗಂಡಸಾಗಿಯೇ ಇರುವವನು ಗಂಡಸಾಗಲು ಯಾವ ದಾಖಲೆ ತರಬೇಕು? ಇದನ್ನು ಹೇಳುವಾಗ ಅವನು ನಕ್ಕ. ನನಗೆ ನಗು ಬರಲಿಲ್ಲ.

ಇದರಲ್ಲಿ ಅರ್ಧ ತಪ್ಪು ನಮ್ಮ ಪದಗಳದ್ದು ಅಂತ ನನಗನಿಸುತ್ತದೆ. ಕನ್ನಡದಲ್ಲಿ ‘ಲಿಂಗ’ ಅನ್ನೋ ಒಂದೇ ಪದ ಎಷ್ಟು ಭಾರ ಹೊರಬೇಕು! ದೇಹವೂ ಲಿಂಗ, ಗುರುತೂ ಲಿಂಗ, ವ್ಯಾಕರಣವೂ ಲಿಂಗ, ಕೊಲ್ಲೂರಿನವನಾದ ನನಗೆ ಸ್ವರ್ಣರೇಖೆ ಇರುವ ನಮ್ಮ ಗರ್ಭಗುಡಿಯ ಜ್ಯೋತಿರ್ಲಿಂಗವೂ ಲಿಂಗ. ಅದರಿಂದ ಹುಟ್ಟಿದ ‘ಲೈಂಗಿಕ’ಕ್ಕೆ ಮತ್ತೆ ಬೇರೆಯೇ ಅರ್ಥ. ‘ಲಿಂಗತ್ವ ಅಲ್ಪಸಂಖ್ಯಾತರು’ ಅಂದರೆ ಟ್ರಾನ್ಸ್ ಸಮುದಾಯ, ‘ಲೈಂಗಿಕ ಅಲ್ಪಸಂಖ್ಯಾತರು’ ಅಂದರೆ ಅದಕ್ಕಿಂತ ದೊಡ್ಡ ಗುಂಪು. ನಡುವೆ ಕೆಲವೇ ಅಕ್ಷರಗಳ ವ್ಯತ್ಯಾಸ. ಪತ್ರಿಕೆಗಳೇ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿಬಿಡುತ್ತವೆ, ಇನ್ನು ಫಾರ್ಮ್ ಅನುವಾದ ಮಾಡುವವರನ್ನು ಕೇಳಬೇಕೇ? ಹಾಗಂತ ನಮ್ಮ ಭಾಷೆ ಎರಡೇ ಡಬ್ಬಿಯದ್ದೇನಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಒಂಬತ್ತು ಲಿಂಗ ಎಣಿಸಿದ್ದಾನೆ. ವ್ಯಾಕರಣದ್ದೇ ಆದರೂ ನಮ್ಮ ಡ್ರಾಪ್‌ಡೌನ್‌ಗಿಂತ ಉದ್ದದ ಪಟ್ಟಿ. ಹವ್ಯಕ ಕನ್ನಡದಲ್ಲಿ ‘ಅಕ್ಕ ಬಂತು’ ಅಂತಾರೆ, ಅಷ್ಟಕ್ಕೆ ಅಕ್ಕ ನಪುಂಸಕಲಿಂಗ ಆಗಿಬಿಡಲಿಲ್ಲ.

ನಮ್ಮ ಕಡೆಯವರಿಗೆ ಇನ್ನೂ ಸುಲಭದ ದಾರಿ ಯಕ್ಷಗಾನ. ಮಾರಣಕಟ್ಟೆ ಮೇಳದ ಆಟವೋ ಮಂದಾರ್ತಿ ಮೇಳದ್ದೋ ನೋಡಿ ಬೆಳೆದವರು ನಾವು. ರಾತ್ರಿಯಿಡೀ ಸ್ತ್ರೀವೇಷದಲ್ಲಿ ಕುಣಿದವರು ಬೆಳಿಗ್ಗೆ ಚೌಕಿಯಲ್ಲಿ ಬಣ್ಣ ತೆಗೆದು ಬೈಕ್ ಹತ್ತಿ ಮನೆಗೆ ಹೋಗ್ತಾರೆ. ವೇಷ ನೋಡಿ ‘ಇವರು ಹೆಂಗಸು’ ಅಂತಲೂ ಯಾರೂ ತೀರ್ಮಾನಿಸುವುದಿಲ್ಲ, ‘ಇವರಿಗೆ ಗಂಡಸರೇ ಇಷ್ಟ’ ಅಂತಲೂ ಬರೆದುಕೊಳ್ಳುವುದಿಲ್ಲ. ವೇಷ ಬೇರೆ, ಗುರುತು ಬೇರೆ, ಒಲವು ಬೇರೆ ಅಂತ ಊರಿಗೇ ಗೊತ್ತು. ಅದೇ ಜನ ಪೇಟೆಯಲ್ಲಿ ಒಬ್ಬ ಹುಡುಗ ಸ್ವಲ್ಪ ನಯವಾಗಿ ನಡೆದರೆ ಸಾಕು, ಮೂರನ್ನೂ ಕಲೆಸಿ ಒಂದೇ ಹೆಸರು ಇಟ್ಟುಬಿಡ್ತಾರೆ.

ಕಳೆದ ನವರಾತ್ರಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮಗ ಅಣ್ಣ ತನ್ನ ಲಾಡ್ಜಿನ ಬುಕಿಂಗ್ ಪೇಜ್ ನೋಡು ಅಂದ. ಎಲ್ಲಿಂದಲೋ ನಕಲು ಮಾಡಿದ ಫಾರ್ಮ್. ಅದರಲ್ಲೂ ಅದೇ ಐದರ ಪಟ್ಟಿ! ಕೇಳಿದ್ದಕ್ಕೆ, “ಎಲ್ಲ ಒಂದೇ ಬಗೆಯವ್ರ್ ಅಲ್ದಾ ಮಾರಾಯ? ಒಟ್ಟಿಗೆ ಹಾಕಿರೆ ಎಂತ ಆತ್ತ್?” ಅಂದ. ತಮಾಷೆ ಎಂದರೆ ಕೇರಳದಿಂದ ಮೂಕಾಂಬಿಕೆಯ ದರ್ಶನಕ್ಕೆ ಬರುವ ಟ್ರಾನ್ಸ್ ಮಹಿಳೆಯರು ಅವನಲ್ಲಿ ಉಳಿದುಕೊಳ್ಳೋದುಂಟು, ಅವರನ್ನು ಅವನು ಬಾಯಿತುಂಬ ‘ಚೇಚಿ’ ಅಂತಲೇ ಕರೆಯೋದು. ಅವನ ಬಾಯಿಗೆ ಗೊತ್ತಿದ್ದದ್ದು ಅವನ ಫಾರ್ಮ್‌ಗೆ ಗೊತ್ತಿರಲಿಲ್ಲ. “ಅಣ್ಣ, ರೂಮ್ ಕೊಡೂಕೆ ಅದೆಲ್ಲ ಎಂತಕ್ಕೆ?” ಅಂದೆ. ಹೆಸರು, ಫೋನ್, ಎಷ್ಟು ಜನ, ಗುರುತಿನ ಚೀಟಿ, ಚಂಡಿಕಾ ಹೋಮ ಇದ್ದರೆ ಯಾವ ದಿನ. ಅಷ್ಟು ಸಾಕಲ್ವಾ? ಸ್ವಲ್ಪ ಹೊತ್ತು ಯೋಚಿಸಿ “ಕೇಂಬುದೇ ಬ್ಯಾಡ ಹಂಗಾರೆ” ಅಂದ. ಎರಡು ನಿಮಿಷದ ಕೆಲಸ.

ಎಲ್ಲ ಕಡೆ ಎರಡು ನಿಮಿಷಕ್ಕೆ ಮುಗಿಯೋದಿಲ್ಲ. ಯಾಕಂದ್ರೆ ಈ ಕಲಬೆರಕೆ ಆ್ಯಪ್‌ಗಳು ಹುಟ್ಟಿಸಿದ್ದಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದಾಗ ಅದರ ಎರಡನೇ ಭಾಗ ‘ಯೂನಕ್’ ಎಂದು ಅವರು ಕರೆದವರ ರಿಜಿಸ್ಟರ್ ಇಡಲು ಹೇಳಿತು. ಯಾರ ಹೆಸರು ಬರೆಯಬೇಕು? ಮಕ್ಕಳ ಅಪಹರಣದ ಸಂಶಯ ಇರುವವರದ್ದು, ಇಲ್ಲವೇ ಸೆಕ್ಷನ್ 377ರ ಅಪರಾಧದ ಸಂಶಯ ಇರುವವರದ್ದು. ಅಂದರೆ ನೀವು ಯಾರು ಎಂಬುದನ್ನೂ ಯಾರ ಜೊತೆ ಮಲಗುತ್ತೀರಿ ಎಂಬ ಗುಮಾನಿಯನ್ನೂ ಒಂದೇ ಪುಸ್ತಕದ ಒಂದೇ ಸಾಲಿನಲ್ಲಿ ಬರೆದಿಟ್ಟರು. ಹಳೇ ಕಥೆ ಅಂತ ಬಿಡುವ ಹಾಗಿಲ್ಲ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ಅದೇ ‘ಯೂನಕ್’ ಪದ, ಅದೇ ರಿಜಿಸ್ಟರ್, ಅದೇ ಗುಮಾನಿ! ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಆ ಪದವನ್ನು ತೆಗೆಯಿತು. ನೂರನಲವತ್ತು ವರ್ಷ ಹಳೆಯ ಕೋಡನ್ನು ಓದದೆ ಕಾಪಿ ಪೇಸ್ಟ್ ಮಾಡಿದ ಹಾಗೆ.

ಕೋರ್ಟ್‌ಗಳು ಈ ಎರಡು ಎಳೆಗಳನ್ನು ಬಿಡಿಸಿಟ್ಟಿವೆ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ಲಿಂಗತ್ವದ ಗುರುತಿನ ಬಗ್ಗೆ. ಗುರುತು ಬೇರೆ, ಒಲವು ಬೇರೆ ಎಂದು ಸುಪ್ರೀಂ ಕೋರ್ಟ್ ಅದರಲ್ಲೇ ವಿವರಿಸಿತು. 2018ರ ಸೆಪ್ಟೆಂಬರ್ 6ರಂದು 377ರ ಹಿಡಿತದಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ಬಿಡಿಸಿದ್ದು ಒಲವಿನ ಬಗ್ಗೆ. ನಡುವೆ 2017ರ ಖಾಸಗಿತನದ ತೀರ್ಪು ಬಂತು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. ಲೈಂಗಿಕ ಒಲವು ಖಾಸಗಿತನದ ಮುಖ್ಯ ಭಾಗ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಹೇಳಿತು. ಕಂಪನಿಯ ಕಡ್ಡಾಯ ಕಾಲಂನಲ್ಲಿ, ಕೆಂಪು ನಕ್ಷತ್ರ ಚಿಹ್ನೆ ಹಾಕಿ ಅದನ್ನು ಕೇಳುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಎರಡರ ವ್ಯತ್ಯಾಸ ಬರೀ ಮರ್ಯಾದೆಯ ಮಾತಲ್ಲ, ಮದುವೆಯ ಮಾತೂ ಹೌದು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅದೇ ತೀರ್ಪಿನಲ್ಲಿ, ಒಬ್ಬ ಟ್ರಾನ್ಸ್ ಮಹಿಳೆ ಮತ್ತು ಒಬ್ಬ ಪುರುಷ ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದು ಎಂದಿತು. ಹಾಗಾದರೆ ಮ್ಯಾಟ್ರಿಮನಿ ಆ್ಯಪ್‌ನಲ್ಲಿ ‘ಟ್ರಾನ್ಸ್/ಗೇ’ ಅಂತ ಒಂದೇ ಡಬ್ಬಿ ಇಟ್ಟರೆ, ಕಾನೂನು ಬಾಗಿಲು ತೆರೆದಿಟ್ಟವರನ್ನೂ ಮುಚ್ಚಿಟ್ಟವರನ್ನೂ ಒಂದೇ ಕೋಣೆಗೆ ಹಾಕಿದಂತೆ. ಉದ್ಯೋಗದಲ್ಲೂ ಅಷ್ಟೇ. 2021ರ ಜುಲೈನಲ್ಲಿ ಕರ್ನಾಟಕ ದೇಶದಲ್ಲೇ ಮೊದಲಿಗೆ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಶೇ. 1 ಸಮತಲ ಮೀಸಲಾತಿ ಕೊಟ್ಟಿತು. ಅರ್ಜಿಯ ಆ ಕಾಲಂ ಒಬ್ಬರ ಅನ್ನದ ಪ್ರಶ್ನೆ, ಅಲ್ಲಿ ಏನೇನೋ ತುಂಬುವಂತಿಲ್ಲ.

‘ಹಾಗಾದ್ರೆ ಆಯ್ಕೆಗಳನ್ನು ಐವತ್ತು ಮಾಡೋಣ’ ಅನ್ನುವವರೂ ಇದ್ದಾರೆ. ಫೇಸ್‌ಬುಕ್ 2014ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಐವತ್ತಕ್ಕೂ ಹೆಚ್ಚು ಆಯ್ಕೆ ಕೊಟ್ಟಿತು. ನನಗೆ ಮೆಚ್ಚುಗೆಯಾದದ್ದು ಆ ಐವತ್ತಲ್ಲ, ಯಾರಲ್ಲಿ ಆಸಕ್ತಿ ಎಂಬ ಕಾಲಂ ಬೇರೆಯಾಗಿಯೇ ಉಳಿದದ್ದು, ಅದನ್ನು ಖಾಲಿ ಬಿಡಲು ಅವಕಾಶ ಇದ್ದದ್ದು. ಪಟ್ಟಿಯ ಉದ್ದ ಮುಖ್ಯವಲ್ಲ, ಪ್ರಶ್ನೆ ಎಷ್ಟು ಎಂಬುದು ಮುಖ್ಯ.

ಪ್ರಶ್ನೆ ಸರಿಯಾಗಿ ಬೇರ್ಪಡಿಸಿದರೂ ಭಾಷೆ ಕೈಕೊಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಒಲವಿಗೊಂದು, ಲಿಂಗತ್ವಕ್ಕೊಂದು ಪ್ರತ್ಯೇಕ ಪ್ರಶ್ನೆ ಕೇಳಿದರು, ಎರಡೂ ಐಚ್ಛಿಕ. ‘ನೀವು ಗುರುತಿಸಿಕೊಳ್ಳುವ ಲಿಂಗತ್ವವೂ ಹುಟ್ಟಿದಾಗ ದಾಖಲಾದ ಲಿಂಗವೂ ಒಂದೇನಾ’ ಎಂಬ ಧಾಟಿಯ ಪ್ರಶ್ನೆಗೆ ಸುಮಾರು 2,62,000 ಜನ ‘ಅಲ್ಲ’ ಎಂದರು. ಆಮೇಲೆ ನೋಡಿದರೆ ಇಂಗ್ಲಿಷ್ ಅಷ್ಟಾಗಿ ಬಾರದವರಲ್ಲಿ ‘ಅಲ್ಲ’ ಎಂದವರ ಪ್ರಮಾಣ ಜಾಸ್ತಿ! ಪ್ರಶ್ನೆಯೇ ಅರ್ಥವಾಗದೆ ಟಿಕ್ ಮಾಡಿದವರು ಎಷ್ಟೋ ಎಂಬ ಅನುಮಾನ ಬಂತು. 2024ರಲ್ಲಿ ಆ ಅಂಕಿಗಳ ದರ್ಜೆಯನ್ನೇ ಇಳಿಸಬೇಕಾಯಿತು. ಇಂಗ್ಲಿಷ್‌ನಲ್ಲಿ ಯೋಚಿಸಿ, ಯಂತ್ರದಿಂದ ಕನ್ನಡ ಮಾಡಿಸಿ ಫಾರ್ಮ್ ಬಿಡುವ ನಮ್ಮವರು ಇದನ್ನು ಓದಲೇಬೇಕು.

ಈಗ ಫಾರ್ಮ್ ಕಟ್ಟುವ ಗೆಳೆಯ ಗೆಳತಿಯರಿಗೆ ಎರಡು ಮಾತು. ಎರಡು ಕಾಲಂ ಮಾಡಿ. ಲಿಂಗತ್ವದಲ್ಲಿ ಪುರುಷ, ಮಹಿಳೆ, ಟ್ರಾನ್ಸ್ ಪುರುಷ, ಟ್ರಾನ್ಸ್ ಮಹಿಳೆ, ನನ್ನದೇ ಪದದಲ್ಲಿ ಬರೆಯುತ್ತೇನೆ, ಹೇಳಲು ಇಷ್ಟವಿಲ್ಲ ಅಂತಿರಲಿ. ಒಂದಕ್ಕಿಂತ ಹೆಚ್ಚು ಒತ್ತಲು ಬಿಡಿ. ಒಲವಿನ ಕಾಲಂ ಜೋಡಿ ಹುಡುಕುವ ಆ್ಯಪ್‌ಗೆ ಬೇಕು. ಹಾಲು, ತರಕಾರಿ, ಬಸ್ ಟಿಕೆಟ್ ಆ್ಯಪ್‌ಗೆ, ಸಂಬಳದ ಪೋರ್ಟಲ್‌ಗೆ ಬೇಡವೇ ಬೇಡ. ಆಫೀಸಿನ ಸಮೀಕ್ಷೆಗೆ ಬೇಕೇ ಬೇಕು ಅಂದ್ರೆ ಹೆಸರಿಲ್ಲದ ಸಮೀಕ್ಷೆಯಾಗಿ ಕೇಳಿ, ಅದರ ಡೇಟಾ ವಿಮೆಗೂ ಕ್ಯಾಬ್‌ಗೂ ಹರಿಯದ ಹಾಗೆ ಬೇರೆ ಕಡೆ ಇಡಿ.

ಹಳೆಯ ಡೇಟಾ ಏನು ಮಾಡೋದು ಅಂತ ನಿಮ್ಮ ಟೀಮ್‌ನಲ್ಲಿ ಒಬ್ಬರಾದರೂ ಕೇಳ್ತಾರೆ. ಲಿಂಗದ ಕಾಲಂನಲ್ಲಿ ‘ಗೇ’ ಅಂತ ಇರುವ ಸಾಲುಗಳನ್ನೆಲ್ಲ ‘ಪುರುಷ’ ಅಂತ ಬದಲಿಸುವ ಒಂದು ಸಾಲಿನ ಸ್ಕ್ರಿಪ್ಟ್ ಬರೆಯಲು ಕೈ ತುರಿಸುತ್ತದೆ. ಬರೀಬೇಡಿ. ಆ ಪದ ಒತ್ತಿದವರಲ್ಲಿ ಹೆಂಗಸರೂ ಇರಬಹುದು, ಟ್ರಾನ್ಸ್ ಪುರುಷರೂ ಇರಬಹುದು. ಆ ಸಾಲುಗಳನ್ನು ಖಾಲಿ ಮಾಡಿ, ಬ್ಯಾಕಪ್‌ನಿಂದಲೂ ತೆಗೆಸಿ, ವಿಮೆಯವರಿಗೆ ಹೋದ ಪ್ರತಿಯನ್ನೂ ಸರಿಪಡಿಸಲು ಹೇಳಿ, ಮುಂದಿನ ಲಾಗಿನ್‌ನಲ್ಲಿ ಅವರನ್ನೇ ಇನ್ನೊಮ್ಮೆ ಕೇಳಿ. ದಾಖಲೆ ಲಗತ್ತಿಸಿ ಅಂತ ಮಾತ್ರ ಕೇಳಬೇಡಿ.