ಕತ್ರಿಗುಪ್ಪೆಯಲ್ಲೊಂದು ಹಳೆಯ ಮೋಟಾರು

ವೇಗವೆಂಬುದು ಈ ಕಾಲದ ಉಪಾಸ್ಯ ದೇವತೆಯಾಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಉಪಾಸನೆಗೆ ವಿಧಿಯುಂಟು, ನಿಯಮವುಂಟು. ಅವನ್ನು ಮೀರಿದ ಉಪಾಸಕನನ್ನು ಆ ದೇವತೆಯೇ ಬಲಿ ತೆಗೆದುಕೊಳ್ಳುವುದೂ ಉಂಟು. ಕಳೆದ ತಿಂಗಳು ಕತ್ರಿಗುಪ್ಪೆಯ ಒಂದು ತಗಡಿನ ಷೆಡ್ಡಿನಲ್ಲಿ ಎರಡು ಗಂಟೆಯ ಕಾಲ ಕುಳಿತು, ಹಳೆಯ ಮೋಟಾರೊಂದನ್ನು ಪಂದ್ಯಕ್ಕೆ ಸಿದ್ಧಗೊಳಿಸುವ ಕಾರ್ಯವನ್ನು ಕಣ್ಣಾರೆ ಕಂಡಾಗ ಈ ಮಾತು ನಮ್ಮ ಮನಸ್ಸಿಗೆ ಬಂದಿತು. ಕಂಡುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಒಂದು ಕಾಲದಲ್ಲಿ ಹಳ್ಳಿಯಾಗಿದ್ದ ಕತ್ರಿಗುಪ್ಪೆಯು ಇಂದು ಬನಶಂಕರಿ ಬಡಾವಣೆಗಳ ನಡುವೆ ಸೇರಿಹೋಗಿದೆ. ಹೊರವರ್ತುಲ ರಸ್ತೆಯು ಅದರ ಮೇಲೆಯೇ ಹಾದುಹೋಗಿರುವುದರಿಂದ ಹಗಲಿರುಳೂ ವಾಹನಗಳ ಘೋಷ ನಿಲ್ಲುವುದಿಲ್ಲ. ಆ ರಸ್ತೆಯಿಂದ ಕೂಗಳತೆಯ ದೂರದಲ್ಲಿ ಅರವತ್ತೈದು ದಾಟಿದ ಮೇಸ್ತ್ರಿಯೊಬ್ಬರ ಷೆಡ್ಡು. ಅಲ್ಲಿ ನಾವು ಕಂಡ ಗಾಡಿ ವಿಲಾಯತಿಯಿಂದ ಬಂದ ಬೆಲೆಬಾಳುವ ರಥವಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಸಿಪಾನಿ ಆಟೊಮೊಬೈಲ್ಸ್ ಕಂಪೆನಿಯವರು ತಯಾರಿಸಿದ ಡಾಲ್ಫಿನ್.

ಡಾಲ್ಫಿನ್ ಎಂದೊಡನೆ ಹಿರಿಯರಿಗೆ ನೆನಪಾದೀತು, ಕಿರಿಯರಿಗೆ ತಿಳಿಯದಿದ್ದೀತು. 1982ರ ಸುಮಾರಿಗೆ ಮಾರುಕಟ್ಟೆಗೆ ಬಂದ ಈ ಪುಟ್ಟ ಎರಡು ಬಾಗಿಲಿನ ಗಾಡಿಯ ಮೂಲವು ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದ ರಿಲಯಂಟ್ ಕಂಪೆನಿಯ ಕಿಟನ್ ಎಂಬ ಮೋಟಾರು. ಮೈ ಕಬ್ಬಿಣದ ತಗಡಿನದಲ್ಲ, ಗಾಜಿನ ನಾರಿಗೆ ರಾಳವನ್ನು ಬಳಿದು ಎರಕಹೊಯ್ದ ಫೈಬರಿನದು. ಇಂಜಿನ್ನು ಅಲ್ಯೂಮಿನಿಯಮ್ಮಿನದು, ನಾಲ್ಕು ಸಿಲಿಂಡರು, ಒಟ್ಟು 848 ಘನ ಸೆಂಟಿಮೀಟರು, ಸುಮಾರು 40 ಕುದುರೆಗಳ ಶಕ್ತಿ. ಮೂಲ ಗಾಡಿಯ ತೂಕ ಅರ್ಧ ಟನ್ನಿಗಿಂತ ತುಸುವೇ ಹೆಚ್ಚು. ಆಗಿನ ಅಂಬಾಸಿಡರೂ ಪ್ರೀಮಿಯರ್ ಪದ್ಮಿನಿಯೂ ಇದರ ಪಕ್ಕದಲ್ಲಿ ಆನೆಗಳಂತೆ ತೋರುತ್ತಿದ್ದುವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಂಸಾರಸ್ಥರು ನಾಲ್ಕು ಬಾಗಿಲಿನ ಆ ಗಾಡಿಯ ಕಡೆಗೆ ತಿರುಗಿದರು. ಡಾಲ್ಫಿನ್ ಕ್ರಮೇಣ ಬೀದಿಯಿಂದ ಮರೆಯಾಯಿತು. ಆದರೆ ಪಂದ್ಯಗಾರರು ಅದನ್ನು ಕೈಬಿಡಲಿಲ್ಲ. ಹಗುರವಾದ ಮೈ, ಹಿಂದಿನ ಚಕ್ರಗಳಿಗೆ ಚಾಲನೆ, ಚುರುಕಾದ ಇಂಜಿನ್ನು ಇವು ಮೂರೂ ಕೂಡಿದ್ದುದರಿಂದ, 1980ರ ದಶಕದಲ್ಲಿ ಮದರಾಸಿನ ಬಳಿಯ ಶೋಳವರಂ ವಿಮಾನದಾರಿಯ ಪಂದ್ಯಗಳಲ್ಲಿಯೂ ರ್‍ಯಾಲಿಗಳಲ್ಲಿಯೂ ಡಾಲ್ಫಿನ್ ತನ್ನ ಹೆಸರನ್ನು ಸ್ಥಾಪಿಸಿತು. ಮಾರುಕಟ್ಟೆಯಲ್ಲಿ ಸೋತ ಬೆಂಗಳೂರಿನ ಕೂಸು ಕಣದಲ್ಲಿ ಗೆದ್ದಿತೆನ್ನಬಹುದು.

ಷೆಡ್ಡಿನಲ್ಲಿದ್ದ ಗಾಡಿ ಒಬ್ಬ ತರುಣನ ತಾತನವರದು. ತರುಣನು ವಿದ್ಯಾವಂತ, ಸಂಪಾದನೆಯುಳ್ಳವನು; ಹವ್ಯಾಸಿಗಳ ಪಂದ್ಯದಲ್ಲಿ ತಾತನ ಗಾಡಿಯನ್ನು ಓಡಿಸಬೇಕೆಂಬ ಹಂಬಲವುಳ್ಳವನು. ನಾವು ಹೋದಾಗ ಅವನು, “ಮೇಸ್ತ್ರಿಗಳೇ, ಮೊದಲು ಇಂಜಿನ್ನಿಗೆ ಕೈ ಹಾಕಿ, ಬ್ರೇಕು ಆಮೇಲೆ ನೋಡೋಣ” ಎಂದು ಕೇಳುತ್ತಿದ್ದನು. ಮೇಸ್ತ್ರಿಗಳು ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟು, “ಇಪ್ಪತ್ತು ವರ್ಷದ ಹಿಂದೆ ನಿನ್ನ ಹಾಗೇ ಒಬ್ಬ ಹುಡುಗ ಹೇಳಿದನಪ್ಪಾ. ಇಂಜಿನ್ನು ಮಾಡಿಕೊಟ್ಟೆ. ಬ್ರೇಕಿಗೆ ಮುಂದಿನ ತಿಂಗಳು ಬರುತ್ತೇನೆಂದು ಹೋದ” ಎಂದರು. ಅಷ್ಟಕ್ಕೇ ನಿಲ್ಲಿಸಿದರು. ಆ ಹುಡುಗನು ಮರಳಿ ಬರಲಿಲ್ಲವೆಂಬುದನ್ನು ಯಾರೂ ಕೇಳಬೇಕಾಗಲಿಲ್ಲ.

ಮೇಸ್ತ್ರಿಗಳ ಕ್ರಮ ಹೀಗಿದೆ. ಮೊದಲನೆಯದು ನಿಲ್ಲಿಸುವ ಶಕ್ತಿ. ವೇಗವು ಇಮ್ಮಡಿಯಾದರೆ ಗಾಡಿಯಲ್ಲಡಗಿದ ಚಲನಶಕ್ತಿಯು ನಾಲ್ಮಡಿಯಾಗುವುದೆಂಬುದು ಶಾಲೆಯ ಹುಡುಗರೂ ಕಲಿಯುವ ನಿಯಮ. ಗಂಟೆಗೆ 60 ಕಿಲೋಮೀಟರಿನಲ್ಲಿ ನಿಲ್ಲಲು ಬೇಕಾದ ದೂರದ ನಾಲ್ಕರಷ್ಟು 120ರಲ್ಲಿ ಬೇಕು. ಕಿಟನ್ನಿನ ನಾಲ್ಕು ಚಕ್ರಗಳಿಗೂ ಇದ್ದುದು ಡ್ರಂ ಬ್ರೇಕುಗಳೇ. ಅವು ಮತ್ತೆ ಮತ್ತೆ ಒತ್ತಿದಂತೆ ಕಾಯುತ್ತವೆ, ಕಾದಂತೆ ಹಿಡಿತ ಕಳೆದುಕೊಳ್ಳುತ್ತವೆ. ಆದಕಾರಣ ಡ್ರಮ್ಮುಗಳನ್ನು ಲೇತಿನಲ್ಲಿ ದುಂಡಗೆ ತಿರುವಿಸಿ, ಹೊಸ ಲೈನಿಂಗು ಹಾಕಿಸಿ, ಸಿಲಿಂಡರುಗಳ ರಬ್ಬರನ್ನೂ ಎಣ್ಣೆಯ ಕೊಳವೆಗಳನ್ನೂ ಬದಲಿಸಬೇಕು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹಳೆಯ ಎಣ್ಣೆ ಕಾದಾಗ ಅದರೊಳಗಿನ ನೀರು ಆವಿಯಾಗಿ, ಪೆಡಲು ಮೆತ್ತಗೆ ನೆಲಕ್ಕಿಳಿದು ಹೋಗುವುದು.

ಎರಡನೆಯದು ಪ್ರಾಣರಕ್ಷಣೆ. ಫೈಬರಿನ ಮೈಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅಪಘಾತದಲ್ಲಿ ಅದು ಒಡೆಯುವುದು, ಬೆಂಕಿ ತಗುಲಿದರೆ ಉರಿಯುವುದು. ಗಾಡಿಯ ನಿಜವಾದ ಬೆನ್ನೆಲುಬು ಕೆಳಗಿನ ಉಕ್ಕಿನ ಚಾಸಿ. ಅದಕ್ಕೆ ತುಕ್ಕು ತಪ್ಪಿದ್ದಲ್ಲ. ಮೈಯನ್ನು ಎತ್ತಿ, ಚಾಸಿಯನ್ನು ಗೇಣು ಗೇಣಾಗಿ ತಟ್ಟಿ ನೋಡಿ, ಸವೆದಲ್ಲಿ ಹೊಸ ಉಕ್ಕನ್ನು ಬೆಸೆದ ನಂತರವೇ ಉಕ್ಕಿನ ಕೊಳವೆಗಳ ಪಂಜರವನ್ನು ಒಳಗೆ ನಿಲ್ಲಿಸಬೇಕು. ಆ ಪಂಜರದ ಕಾಲುಗಳು ಚಾಸಿಗೆ ಬಿಗಿಯಬೇಕೇ ಹೊರತು ಫೈಬರಿಗೆ ಬಿಗಿದರೆ ಹುಲ್ಲಿನ ಗೋಡೆಗೆ ಕಬ್ಬಿಣದ ಬಾಗಿಲನ್ನಿಟ್ಟಂತೆ. ಪಂದ್ಯದ ಆಸನ, ಭುಜ ಸೊಂಟಗಳನ್ನು ಹಿಡಿಯುವ ಪಟ್ಟಿ, ಬೆಂಕಿ ನಂದಿಸುವ ಸಾಧನ, ಹೊರಗಿನಿಂದಲೂ ಬ್ಯಾಟರಿಯನ್ನು ಕಡಿಯಬಲ್ಲ ಸ್ವಿಚ್ಚು, ಇವೆಲ್ಲವೂ ಇದರೊಡನೆ ಸೇರತಕ್ಕವು.

ಮೂರನೆಯದು ತಂಪು. ಈ ಇಂಜಿನ್ನಿನಲ್ಲಿ ಅಲ್ಯೂಮಿನಿಯಮ್ಮಿನ ಒಡಲಿನೊಳಗೆ ಕಬ್ಬಿಣದ ಲೈನರುಗಳು ನೀರಿನಲ್ಲಿ ನಿಂತಿರುತ್ತವೆ. ಅವುಗಳ ಅಂಚು ಒಡಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ಟು ಬಿಗಿಯಾಗಿ ಕೂರುವುದು. ಒಂದು ಸಲ ನೀರು ಕಡಮೆಯಾಗಿ ಕಾದರೆ ಹೆಡ್ಡು ಸೊಟ್ಟಗಾಯಿತೆಂದೇ ತಿಳಿಯಬೇಕು. ಆದುದರಿಂದ ರೇಡಿಯೇಟರು, ನೀರಿನ ಪಂಪು, ಹೋಸುಗಳನ್ನು ಸರಿಪಡಿಸದೆ ಶಕ್ತಿ ಹೆಚ್ಚಿಸಹೊರಡುವುದು ಬುಡವಿಲ್ಲದ ಕೊಡಕ್ಕೆ ನೀರು ತುಂಬಿದಂತೆ. ಈಚಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲು ಬೆರೆತಿರುವುದರಿಂದ ಹಳೆಯ ಕಾಲದ ರಬ್ಬರು ಕೊಳವೆಗಳು ಮೆದುವಾಗಿ ಸೋರುವುದುಂಟು. ಅವನ್ನೂ ಬದಲಿಸಿ, ಕಾರ್ಬೊರೇಟರಿನ ಜೆಟ್ಟನ್ನು ಹೊಸ ಇಂಧನಕ್ಕೆ ಹೊಂದಿಸಬೇಕು.

ಇಷ್ಟೂ ಆದ ಬಳಿಕ ನಾಲ್ಕನೆಯದಾಗಿ ಶಕ್ತಿಯ ಮಾತು. “ಆತುರಗಾರನಿಗೆ ಬುದ್ಧಿ ಮಟ್ಟ” ಎಂಬ ಗಾದೆಯನ್ನು ಮೇಸ್ತ್ರಿಗಳು ಗೋಡೆಯ ಮೇಲೆ ಬರೆಸಿಲ್ಲವಾದರೂ ಅವರ ಕೆಲಸದ ಕ್ರಮವೆಲ್ಲ ಅದರ ಭಾಷ್ಯವೇ ಆಗಿದೆ.

ಇಲ್ಲೊಂದು ಧರ್ಮಸಂಕಟವನ್ನು ವಾಚಕರು ಗಮನಿಸಬೇಕು. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರದವರು ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದರು. ಅದರಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪವನ್ನು ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆಯೂ ವಿಶೇಷ ನಂಬರಿನ ಫಲಕವೂ ದೊರೆಯುತ್ತವೆ. 1982ರಲ್ಲಿ ನೋಂದಣಿಯಾದ ಡಾಲ್ಫಿನ್ನಿಗೆ ಆ ಭಾಗ್ಯ 2032ಕ್ಕೆ. ಆದರೆ ಪಂದ್ಯಕ್ಕೆಂದು ಮೈ ಕತ್ತರಿಸಿ ಇಂಜಿನ್ನು ಬದಲಿಸಿದರೆ ಮೂಲ ರೂಪವೆಲ್ಲಿ ಉಳಿಯಿತು? ಕತ್ತರಿಸದಿದ್ದರೆ ಪಂದ್ಯವೆಲ್ಲಿ? ಮೇಸ್ತ್ರಿಗಳು ಇದಕ್ಕೊಂದು ಮಧ್ಯಮಾರ್ಗವನ್ನು ಕಂಡುಕೊಂಡಿದ್ದಾರೆ. ಏನನ್ನೂ ಕತ್ತರಿಸುವುದಿಲ್ಲ, ಪಂಜರವನ್ನು ಬೋಲ್ಟಿನಿಂದ ಬಿಗಿಯುತ್ತಾರೆ, ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ, ಎಣ್ಣೆ ಸವರಿ, ಪೆಟ್ಟಿಗೆಯಲ್ಲಿಡುತ್ತಾರೆ. “ಹೋದ ದಾರಿಯಲ್ಲಿ ವಾಪಸು ಬರುವ ಹಾಗಿರಬೇಕು ಸ್ವಾಮಿ” ಎಂದು ಅವರು ನಮಗೆ ಹೇಳಿದ ಮಾತು ರಾಜ್ಯಸೂತ್ರಗಳನ್ನು ಹಿಡಿದವರಿಗೂ ಅನ್ವಯಿಸತಕ್ಕದ್ದಾಗಿದೆ.

ಇನ್ನು ಓಟದ ಸ್ಥಳದ ವಿಚಾರ. ಶ್ರೀ ರಾಮಾನುಜಾಚಾರ್ಯರ ಜನ್ಮಸ್ಥಳವಾದ ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ತೆರೆದ 3.7 ಕಿಲೋಮೀಟರಿನ ಪಥವುಂಟು. ನಮ್ಮ ಪಂದ್ಯಗಾರರು ಗಾಡಿಯನ್ನು ಲಾರಿಯ ಮೇಲೇರಿಸಿಕೊಂಡು ಸುಮಾರು 300 ಕಿಲೋಮೀಟರು ಪ್ರಯಾಣ ಮಾಡಿ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಪರೀಕ್ಷಕರುಂಟು, ವೈದ್ಯರುಂಟು, ಬಾವುಟದ ಸಂಕೇತವುಂಟು. ಇದಕ್ಕೆ ಬೇಕಾದ ದುಡ್ಡೂ ತಾಳ್ಮೆಯೂ ಇಲ್ಲದವರು ನಡುರಾತ್ರಿಯ ಹೊರವರ್ತುಲ ರಸ್ತೆಯನ್ನೇ ಪಥವೆಂದು ತಿಳಿಯುತ್ತಾರೆ. ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಹೂಡುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ವಿಧಿಯು ಶಿಕ್ಷಾರ್ಹವೆಂದು ಸಾರುತ್ತದೆ. ಆದರೆ ಶಿಕ್ಷೆಯೊಂದರಿಂದಲೇ ಹುಮ್ಮಸ್ಸು ಅಡಗಿದ ಉದಾಹರಣೆ ಲೋಕದಲ್ಲಿ ಕಡಮೆ. ಈಜುವ ಹುಡುಗರನ್ನು ಪಾಳುಬಾವಿಯಿಂದ ದೂರವಿಡಬೇಕಾದರೆ ಒಳ್ಳೆಯ ಕೊಳವನ್ನು ಕಟ್ಟಿಸಿಕೊಡಬೇಕು.

ಆದುದರಿಂದ ಅಧಿಕಾರಿವರ್ಗಕ್ಕೂ ಪೌರರಿಗೂ ನಾವು ಅರಿಕೆಮಾಡುವುದು ಎರಡು ಸಂಗತಿ. ಹವ್ಯಾಸಿಗಳು ಅಲ್ಪವೆಚ್ಚದಲ್ಲಿ, ತಕ್ಕ ಮೇಲ್ವಿಚಾರಣೆಯಲ್ಲಿ ಗಾಡಿಯೋಡಿಸಲು ರಾಜಧಾನಿಯ ಸುತ್ತಮುತ್ತ ನಿಯತವಾದ ದಿನಗಳಲ್ಲಿ ಅನುಕೂಲ ಕಲ್ಪಿಸಬೇಕು. ಅಲ್ಲದೆ ಇಂತಹ ಮೇಸ್ತ್ರಿಗಳ ವಿದ್ಯೆಯನ್ನು ನಮ್ಮ ಪಾಲಿಟೆಕ್ನಿಕ್ಕುಗಳು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಕಾರ್ಖಾನೆ ನಿಂತ ಗಾಡಿಗೆ ಭಾಗಗಳು ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ, ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳನ್ನು ಅಲೆದು, ಸಿಕ್ಕದ್ದನ್ನು ಲೇತಿನಲ್ಲಿ ತಾವೇ ಕಡೆದು ತೆಗೆಯುವ ಈ ಕೈಗಳು ಹೋದರೆ ಡಾಲ್ಫಿನ್ನಿನ ಜೊತೆಗೆ ಅದನ್ನು ಬಲ್ಲ ವಿದ್ಯೆಯೂ ಹೋದೀತು.

ನಾವು ಹೊರಡುವಾಗ ತರುಣನು ನೆಲದ ಮೇಲೆ ಕುಳಿತು ಬ್ರೇಕಿನ ಡ್ರಮ್ಮನ್ನು ತಾನೇ ಒರಸುತ್ತಿದ್ದನು. ಇಂಜಿನ್ನಿನ ಮೇಲೆ ಬಟ್ಟೆ ಹೊದಿಸಿಯೇ ಇತ್ತು.